ಅಕ್ಕೋರ ಗಂಟಲು ಕಟ್ಟಿದ್ದೇಕೆ?

ಧಾರವಾಡದ ಕಡೆ ಅಕ್ಕೋರು, ಮೈಸೂರು ಸೀಮೆಯಲ್ಲಿ ಮಿಸ್ಸು, ಕರಾವಳಿಯಲ್ಲಿ ಟೀಚರು. ಕರೆಯುವ ಹೆಸರು ಯಾವುದೇ ಇರಲಿ, ಚಿಕ್ಕ ಮಕ್ಕಳಿಗೆ ಕಲಿಸುವ ಉಪಾಧ್ಯಾಯಿನಿಯ ಕೈಚೀಲದಲ್ಲಿ ಸಿಗುವ ಸಾಮಾನು ಮಾತ್ರ ಹೆಚ್ಚುಕಡಿಮೆ ಒಂದೇ. ಊಟದ ಡಬ್ಬಿ, ಕೆಂಪು ಪೆನ್ನು, ಸೀಮೆಸುಣ್ಣದ ಒಂದೆರಡು ತುಂಡು, ಗಂಟಲು ಕೆರೆದಾಗ ಚಪ್ಪರಿಸಲು ಗುಳಿಗೆ. ಜತೆಗೊಂದು ನೀರಿನ ಬಾಟಲಿ. ಬೆಳಿಗ್ಗೆ ತುಂಬಿಕೊಂಡು ಹೋದ ಬಾಟಲಿ ಎಷ್ಟೋ ದಿನ ಸಂಜೆ ಮನೆಗೆ ಬರುವಾಗಲೂ ಮುಕ್ಕಾಲು ತುಂಬಿಯೇ ಇರುತ್ತದೆ.

ಗುಳಿಗೆ ಖಾಲಿಯಾಗುತ್ತದೆ, ನೀರು ಖಾಲಿಯಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಧಾರಾಳವಾಗಿ ನೀರು ಕುಡಿಯಬೇಕು, ಮೂತ್ರ ತಡೆಹಿಡಿಯಬಾರದು, ಜೋರಾಗಿ ಕಿರುಚಬಾರದು ಎಂದು ಮಕ್ಕಳಿಗೆ ದಿನವೂ ಹೇಳಿಕೊಡುವವರೇ ಈ ನಾಲ್ಕನ್ನೂ ಪಾಲಿಸಲಾರದ ಸ್ಥಿತಿಯಲ್ಲಿರುವುದು ವಿಚಿತ್ರವಾದರೂ ನಿಜ. ಇದನ್ನು ಅವರವರ ಅಭ್ಯಾಸದ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಅಭ್ಯಾಸಗಳು ಹುಟ್ಟಿದ್ದು ಅವರ ಮನೆಯಲ್ಲಲ್ಲ, ಶಾಲೆಯ ಕೋಣೆಯಲ್ಲಿ. ಆ ಕೋಣೆಗೆ ಒಂದು ಚರಿತ್ರೆಯಿದೆ.

ಕೂಲಿಮಠದ ಕಾಲ

ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠಗಳು. ಕೆಲವೆಡೆ ಅವನ್ನು ಐಗಳ ಮಠ ಎನ್ನುತ್ತಿದ್ದರು, ಮುಂಬೈ ಕರ್ನಾಟಕದಲ್ಲಿ ಗಾಂವಠಿ ಶಾಲೆ ಎನ್ನುತ್ತಿದ್ದರು. ಇವುಗಳ ದಿನಚರಿ ಹೇಗಿತ್ತು ಎಂಬುದಕ್ಕೆ ಒಂದು ಒಳ್ಳೆಯ ದಾಖಲೆ ಬಳ್ಳಾರಿಯಿಂದಲೇ ದೊರೆಯುತ್ತದೆ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಸರ್ಕಾರಕ್ಕೆ ಕಳುಹಿಸಿದ ವರದಿ ಅದು. ಅವರ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡ ಶಾಲೆಗಳು. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಬೆಳಿಗ್ಗೆ ಆರು ಗಂಟೆಗೆ ಶಾಲೆ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಕೆಳಗಿನ ಗುಂಪುಗಳನ್ನು ನೋಡಿಕೊಳ್ಳುವ ಕೆಲಸ ಬಹುಮಟ್ಟಿಗೆ ದೊಡ್ಡ ಹುಡುಗರದು. ಮೇಲಿನ ಗುಂಪಿನ ಮೇಲೆ ಐಗಳ ನೇರ ಗಮನ, ಉಳಿದವರ ಮೇಲೆ ಕುಳಿತಲ್ಲಿಂದಲೇ ಒಂದು ಕಣ್ಣು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕೂಲಿಮಠದಲ್ಲಿ ಗಲಾಟೆಗೇನೂ ಕಡಿಮೆಯಿರಲಿಲ್ಲ. ಆದರೆ ಆ ಗಲಾಟೆ ಮಕ್ಕಳದು, ಮೇಷ್ಟ್ರದಲ್ಲ. ಮಗ್ಗಿಯನ್ನು ದೊಡ್ಡ ಹುಡುಗ ಹೇಳಿಸುತ್ತಿದ್ದ, ಚಿಕ್ಕವರು ಹಿಂದಿನಿಂದ ಹೇಳುತ್ತಿದ್ದರು. ದಣಿಯುವ ಗಂಟಲುಗಳು ಹಲವಾರು ಇದ್ದವು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಈ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದರು. ಅದಕ್ಕೂ ಮುಂಚೆ ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್ ಇದೇ ಬಗೆಯ ವಿಧಾನವನ್ನು ಪ್ರಯೋಗಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂಬ ಹೆಸರೇ ಬಿತ್ತು.

ಕೂಲಿಮಠವನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಏಟು, ಬಸ್ಕಿ, ಕೋದಂಡಗಳ ಕಥೆ ಹಿರಿಯರಿಂದ ಎಲ್ಲರೂ ಕೇಳಿದ್ದೇವೆ. ಮೇಷ್ಟ್ರ ಅಭ್ಯಾಸಗಳೂ ಆದರ್ಶವಾಗಿರಲಿಲ್ಲ. ನಶ್ಯದ ಡಬ್ಬಿ, ಎಲೆಅಡಿಕೆಯ ಸಂಚಿ ಇಲ್ಲದ ಮೇಷ್ಟ್ರು ಹಳಬರ ನೆನಪಿನಲ್ಲಿ ಸಿಗುವುದು ಅಪರೂಪ. ಆದರೂ ಆ ಮೇಷ್ಟ್ರು ಬೇಕೆಂದಾಗ ಎದ್ದು ಜಗಲಿಗೆ ಬರಬಹುದಿತ್ತು, ಬೇಲಿಯಾಚೆ ಹೋಗಿ ಬರಬಹುದಿತ್ತು. ಅವರು ಗಂಡಸರು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಗಂಡಿನ ಶಾಲೆಗೆ ಹೆಣ್ಣು ಬಂದಾಗ

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಬದಲಾವಣೆಗಳಾದವು. ಒಂದು, ಒಂದೇ ವಯಸ್ಸಿನ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಎದುರಿಗೆ ಒಬ್ಬರು ನಿಂತು ಎಲ್ಲರಿಗೂ ಒಟ್ಟಿಗೆ ಪಾಠ ಹೇಳುವ 'ತರಗತಿ' ಬಂತು. ಮೇಷ್ಟ್ರ ಕಣ್ಣಿನ ಕೆಲಸ ಬಾಯಿಗೆ ಬಂತು, ಕುಳಿತು ಮಾಡುತ್ತಿದ್ದ ಕೆಲಸ ನಿಂತು ಮಾಡುವಂತಾಯಿತು.

ಎರಡನೆಯದು, ಚಿಕ್ಕ ಮಕ್ಕಳ ಶಿಕ್ಷಣ ಹೆಂಗಸರ ಕೆಲಸವೆಂಬ ಭಾವನೆ ಬೆಳೆದದ್ದು. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಆಟದ ಶಾಲೆ ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಈ ತೋಟದ ಮಾಲಿಗಳಾಗಲು ಹೆಂಗಸರೇ ತಕ್ಕವರು ಎಂಬುದು ಅವರ ನಿಲುವು. ಇದರಿಂದ ಸಾವಿರಾರು ಹೆಣ್ಣುಮಕ್ಕಳಿಗೆ ಹೊಸಿಲು ದಾಟಿ ಉದ್ಯೋಗ ಹಿಡಿಯುವ ದಾರಿ ತೆರೆಯಿತೆಂಬುದು ನಿಜ. ಆದರೆ ಅದರ ಇನ್ನೊಂದು ಮುಖವೂ ಇದೆ. ತಾಯ್ತನದ ಮುಂದುವರಿಕೆಯೆಂದು ಬಗೆದ ಕೆಲಸಕ್ಕೆ ಸಂಬಳ ಕಡಿಮೆಯಾಯಿತು, ದಣಿವು ಲೆಕ್ಕಕ್ಕೆ ಬಾರದೆ ಹೋಯಿತು. ತಾಯಿಗೆ ದಣಿವೆಲ್ಲಿಯದು?

ನಮ್ಮಲ್ಲಿಯೂ ಶಿಶುವಿಹಾರಗಳು, ಬಾಲವಾಡಿಗಳು, ಕೆಳ ತರಗತಿಗಳು ಕ್ರಮೇಣ ಹೆಂಗಸರ ಕೈಗೆ ಬಂದವು. ಆದರೆ ಕಟ್ಟಡ, ಗಂಟೆ, ವೇಳಾಪಟ್ಟಿ ಮಾತ್ರ ಹಳೆಯ ಮೇಷ್ಟ್ರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವುಗಳಾಗಿಯೇ ಉಳಿದವು.

ಗಂಟೆಗೆ ಏಳು ಲಕ್ಷ

ಗಂಟಲು ಕಟ್ಟುವುದೆಂದರೇನು? ನಮ್ಮ ಧ್ವನಿಪೆಟ್ಟಿಗೆಯೊಳಗೆ ಎರಡು ಪುಟ್ಟ ಮಡಿಕೆಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ಹಾಯ್ದಾಗ ಅವು ಒಂದಕ್ಕೊಂದು ತಾಗಿ, ಬಿಟ್ಟು, ಮತ್ತೆ ತಾಗಿ ಸ್ವರ ಹುಟ್ಟುತ್ತದೆ. ಹೆಂಗಸರಲ್ಲಿ ಇದು ಸೆಕೆಂಡಿಗೆ ಸುಮಾರು 200 ಸಲ ನಡೆಯುತ್ತದೆ. ಗಂಡಸರಲ್ಲಿ ಸುಮಾರು ಅದರರ್ಧ. ಒಬ್ಬ ಶಿಕ್ಷಕಿ ಇಡೀ ದಿನದಲ್ಲಿ ಬಿಡಿಬಿಡಿಯಾಗಿ ಆಡಿದ ಮಾತೆಲ್ಲ ಸೇರಿ ಒಂದು ಗಂಟೆಯ ಸ್ವರವಾಯಿತು ಎಂದಿಟ್ಟುಕೊಂಡರೂ, ಆ ಮಡಿಕೆಗಳು 7 ಲಕ್ಷಕ್ಕೂ ಹೆಚ್ಚು ಬಾರಿ ಒಂದನ್ನೊಂದು ತಟ್ಟಿರುತ್ತವೆ. ಸ್ವರ ಏರಿಸಿದಷ್ಟೂ ತಟ್ಟುವ ರಭಸ ಹೆಚ್ಚು. ತಿಂಗಳುಗಟ್ಟಲೆ ಹೀಗೆ ನಡೆದರೆ ಮೊದಲು ಊತ, ಆಮೇಲೆ ಅಂಗೈಯ ಜಡ್ಡಿನಂಥ ಸಣ್ಣ ಗಂಟುಗಳು. ಹಾಡುಗಾರರಲ್ಲಿ, ಉಪಾಧ್ಯಾಯರಲ್ಲಿ ಈ ಗಂಟುಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಹಾಗಾದರೆ ಮೆಲ್ಲಗೆ ಮಾತಾಡಬಾರದೆ? ಅದು ಅಷ್ಟು ಸುಲಭವಲ್ಲ. ಸುತ್ತ ಸದ್ದಿದ್ದಾಗ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿಕೊಟ್ಟರು. ತಗಡಿನ ಸೂರು, ಬೋಳು ಗೋಡೆ, ಪಕ್ಕದ ತರಗತಿಗೂ ನಮಗೂ ನಡುವೆ ಒಂದು ಬೀರು ಮಾತ್ರ ಅಡ್ಡ. ಇಂಥ ಕಡೆ ಮೂವತ್ತು ಮಕ್ಕಳ ನಡುವೆ ನಿಂತವರ ದನಿ ತಾನಾಗಿಯೇ ಏರುತ್ತದೆ. ಅವರ ದನಿ ಏರಿದ್ದರಿಂದ ಪಕ್ಕದ ಕೋಣೆಯವರ ದನಿಯೂ ಏರುತ್ತದೆ.

ದುಡಿಮೆಗೂ ಕಾಯಿಲೆಗೂ ಇರುವ ನಂಟು ಹೊಸ ವಿಚಾರವೇನಲ್ಲ. ರೋಗಿಯನ್ನು ನೋಡಿದೊಡನೆ 'ನಿನ್ನ ಕಸುಬೇನು' ಎಂದು ಕೇಳಬೇಕೆಂದು ವೈದ್ಯರಿಗೆ ಹೇಳಿಕೊಟ್ಟವರು ಇಟಲಿಯ ಬರ್ನಾರ್ಡಿನೊ ರಾಮಾಜ್ಜಿನಿ. 1700ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಗಾಯಕರೇ ಮೊದಲಾಗಿ ಗಂಟಲಿನಿಂದ ದುಡಿಯುವವರಿಗೆಂದೇ ಒಂದು ಅಧ್ಯಾಯವಿದೆ. ಅಮೆರಿಕದ ಅಯೋವ ಮತ್ತು ಯೂಟಾ ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದ್ದ ಶಿಕ್ಷಕರು ಶೇ 57.7. ಬೇರೆ ಉದ್ಯೋಗದವರಲ್ಲಿ ಈ ಪ್ರಮಾಣ ಶೇ 28.8 ಮಾತ್ರ. ಪೋಲೆಂಡ್ ದೇಶದಲ್ಲಿ ಶಿಕ್ಷಕರ ಧ್ವನಿದೋಷಕ್ಕೆ ಔದ್ಯೋಗಿಕ ಕಾಯಿಲೆಯೆಂಬ ಮಾನ್ಯತೆಯಿದೆ. ನಮ್ಮಲ್ಲಿ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಾಗಲಿ, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಾಗಲಿ ಗದ್ದಲದಿಂದ ಬರುವ ಕಿವುಡು ಇದೆ. ಗದ್ದಲವನ್ನು ಮೀರಿ ಕೂಗಿ ಕೂಗಿ ಕೆಟ್ಟ ಗಂಟಲು ಇಲ್ಲ.

ಕುಡಿಯದ ನೀರು

ಇನ್ನು ಆ ಬಾಟಲಿಯ ವಿಷಯ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಶೌಚಾಲಯ ಇರಬೇಕು, ಅದಕ್ಕೆ ಚಿಲಕ ಇರಬೇಕು, ಒಳಗೆ ನೀರು ಬರಬೇಕು. ಇವೆಲ್ಲ ಇದ್ದರೂ, ಹೋಗಿ ಬರುವ ಐದು ನಿಮಿಷ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ನಾಲ್ಕು ವರ್ಷದ ಮಕ್ಕಳನ್ನು ಐದು ನಿಮಿಷ ಬಿಟ್ಟು ಹೋದರೆ ಏನಾಗಬಹುದೆಂದು ಮನೆಯಲ್ಲಿ ಮಕ್ಕಳಿರುವ ಯಾರಿಗಾದರೂ ಗೊತ್ತು. ಹೀಗಾಗಿ ನೀರನ್ನೇ ಕುಡಿಯದಿರುವುದು ಸುಲಭದ ಉಪಾಯವಾಗುತ್ತದೆ.

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಅಮೆರಿಕದ ಶಿಕ್ಷಕಿಯರನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿ, ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಬೇಕೆಂದೇ ಕಡಿಮೆ ನೀರು ಕುಡಿಯುವುದಾಗಿ ಹೇಳಿದ್ದರು. ಹಾಗೆ ಮಾಡುವವರಲ್ಲಿ ಮೂತ್ರನಾಳದ ಸೋಂಕು ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಒಣಗಿದ ಗಂಟಲಿನಲ್ಲಿ ಕೂಗಿದರೆ ಧ್ವನಿಯ ಮಡಿಕೆಗಳಿಗೂ ಪೆಟ್ಟು. ಒಂದು ಅಭ್ಯಾಸದಿಂದ ಎರಡು ಬೇನೆ.

ಕೇರಳವನ್ನು ಅನುಸರಿಸಿ 2019ರಲ್ಲಿ ಕರ್ನಾಟಕದ ಶಾಲೆಗಳಲ್ಲೂ 'ವಾಟರ್ ಬೆಲ್' ಬಂತು. ಮಕ್ಕಳು ನೀರು ಕುಡಿಯಲೆಂದು ಗಂಟೆ ಬಾರಿಸುವ ಈ ಯೋಜನೆ ಒಳ್ಳೆಯದೇ. ಆದರೆ ಆ ಗಂಟೆ ಬಾರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೀರು ಚೆಲ್ಲದಂತೆ ನೋಡಿಕೊಳ್ಳುವವರು ಯಾವಾಗ ಕುಡಿಯಬೇಕು ಎಂಬುದಕ್ಕೆ ಪ್ರತ್ಯೇಕ ಗಂಟೆಯಿಲ್ಲ. ಬಿಸಿಯೂಟದ ವೇಳೆಯೂ ಹಾಗೆಯೇ. ಬಡಿಸುವುದು, ಕೈ ತೊಳೆಸುವುದು, ಲೆಕ್ಕ ಬರೆಯುವುದು ಮುಗಿಯುವಷ್ಟರಲ್ಲಿ ಉಪಾಧ್ಯಾಯಿನಿಯ ಊಟಕ್ಕೆ ಉಳಿಯುವುದು ಕೆಲವೇ ನಿಮಿಷ.

ಅಂಗಳಕ್ಕೆ ಬಂದ ಶಾಲೆ

ಈ ಎಲ್ಲ ಭಾರಗಳೂ ಒಬ್ಬಳೇ ಹೆಣ್ಣುಮಗಳ ಮೇಲೆ ಒಟ್ಟಿಗೆ ಬೀಳುವ ಜಾಗ ಅಂಗನವಾಡಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಅನಂತರ ಕೋಸಬಾಡದ ಆದಿವಾಸಿ ಹಳ್ಳಿಗಳಲ್ಲಿ ಅನುತಾಯಿ ವಾಘ್ ಅವರೊಡನೆ ಕೆಲಸ ಮಾಡಿದರು. ಶಾಲೆಗೆ ಬಾರದ ಮಕ್ಕಳಿದ್ದಲ್ಲಿಗೆ, ಅವರ ಮನೆಯಂಗಳಕ್ಕೇ ಶಾಲೆ ಹೋಗಬೇಕೆಂಬ ಅವರ ವಿಚಾರದಿಂದ ಅಂಗನವಾಡಿಯ ಕಲ್ಪನೆ ರೂಪುಗೊಂಡಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಮೊದಲಿಗೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿವೆ. ಯೋಜನೆಯಲ್ಲಿ ಆರು ಸೇವೆಗಳು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಕೊನೆಗೆ ಶಾಲಾಪೂರ್ವ ಶಿಕ್ಷಣ. ಊರವರು ಯಾರನ್ನು 'ಟೀಚರ್' ಎಂದು ಕರೆಯುತ್ತಾರೋ ಅವರ ಪಾಲಿಗೆ ಕಲಿಸುವುದು ಆರರಲ್ಲಿ ಒಂದು. ಮಕ್ಕಳ ತೂಕ, ಎತ್ತರ ಅಳೆದು ದಾಖಲಿಸಬೇಕು. ಹಿಂದೆ ರಿಜಿಸ್ಟರುಗಳಿದ್ದವು, 2021ರಿಂದ 'ಪೋಷಣ್ ಟ್ರ್ಯಾಕರ್' ಬಂದಿದೆ. ಕೇಂದ್ರದಲ್ಲಿ ಮುಗಿಯದ ಲೆಕ್ಕ ಮೊಬೈಲಿನೊಳಗೆ ಕುಳಿತು ಮನೆಗೂ ಬರುತ್ತದೆ. 2017ರ ಅಕ್ಟೋಬರಿನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿ, ಬಾಣಂತಿಯರ ಮಧ್ಯಾಹ್ನದ ಊಟವೂ ಅಂಗನವಾಡಿಗೆ ಸೇರಿತು. ಜತೆಗಿರುವವರು ಒಬ್ಬ ಸಹಾಯಕಿ.

ಕೆಲಸ ಇಷ್ಟಾದರೂ ಅವರು ಸರ್ಕಾರಿ ನೌಕರರಲ್ಲ. ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಬೇಕೆಂದು ಕೇಳಿ 2017ರ ಮಾರ್ಚ್‌ನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದದ್ದು ಹಲವರಿಗೆ ನೆನಪಿರಬಹುದು. 2018ರ ಅಕ್ಟೋಬರಿನಿಂದ ಕೇಂದ್ರವು ಗೌರವಧನವನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಇವರು ಗ್ರಾಚ್ಯುಟಿಗೆ ಅರ್ಹರು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ್ದು ದೊಡ್ಡ ಸಮಾಧಾನ.

2024ರ ಫೆಬ್ರುವರಿಯ ಕೇಂದ್ರ ಮುಂಗಡಪತ್ರದಲ್ಲಿ ಇವರನ್ನೂ ಸಹಾಯಕಿಯರನ್ನೂ ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸುವುದಾಗಿ ಪ್ರಕಟಿಸಲಾಯಿತು. ಆದರೆ ಆ ಯೋಜನೆ ನೆರವಾಗುವುದು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಾಗ. ಕಟ್ಟಿದ ಗಂಟಲು, ಉರಿಮೂತ್ರ, ಊದಿದ ಕಾಲು, ನಿದ್ದೆಯಿಲ್ಲದ ರಾತ್ರಿ ಯಾರನ್ನೂ ಆಸ್ಪತ್ರೆಯ ಹಾಸಿಗೆಗೆ ಸೇರಿಸುವುದಿಲ್ಲ. ಅವು ದಿನದಿನವೂ ಸವೆಸುತ್ತವೆ.

ಇಬ್ಬರಲ್ಲಿ ಒಬ್ಬರು ಹೋದರೆ

ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ಸಂಬಳದ ಭದ್ರತೆಯಿದೆ, ಆದರೆ ದಿನದ ಗಣಿತ ಬೇರೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಉಳಿದವರ ಪಾಲಿಗೆ ಅರವತ್ತೂ ಮಕ್ಕಳು. ಅದೇ ಕಾಯ್ದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ದಸರಾ ರಜೆ ದಣಿವಾರಿಸಿಕೊಳ್ಳುವ ರಜೆಯಾಗಿ ಉಳಿಯಲಿಲ್ಲ.

ಶಾಲೆ ಬಿಟ್ಟ ಮೇಲೆ ಮನೆಯ ದಿನ ಆರಂಭವಾಗುತ್ತದೆ. ಬೆಳಿಗ್ಗೆ ತಿಂಡಿ ಮಾಡಿ, ತನಗೆ ತಿನ್ನಲು ಹೊತ್ತಿಲ್ಲದೆ ಬಸ್ಸು ಹತ್ತಿದವಳು ಸಂಜೆ ಅಡುಗೆಗೆ ಮರಳುತ್ತಾಳೆ. 'ಒಂದು ಅರ್ಧ ಗಂಟೆ ವಾಕಿಂಗ್ ಮಾಡಿ' ಎಂದು ಡಾಕ್ಟರು ಹೇಳಿದರೆ ಆ ಅರ್ಧ ಗಂಟೆಯನ್ನು ಎಲ್ಲಿಂದ ತರುವುದೆಂಬುದೇ ಪ್ರಶ್ನೆ. ಇದರ ಮೇಲೆ, ಚಿಕ್ಕ ಮಕ್ಕಳ ಎದುರು ಸಿಟ್ಟು, ಬೇಸರ, ದುಃಖ ಯಾವುದನ್ನೂ ತೋರಿಸುವಂತಿಲ್ಲ. ಮುಖದ ಮೇಲೆ ಸದಾ ನಗು ಇಟ್ಟುಕೊಳ್ಳುವುದೂ ಒಂದು ದುಡಿಮೆಯೇ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ವಿವರಿಸಿದರು. ಆ ದುಡಿಮೆ ಮಿತಿಮೀರಿದಾಗ ಮನಸ್ಸು ಬತ್ತುತ್ತದೆ. ಬತ್ತಿದ ಮನಸ್ಸಿನ ಮೊದಲ ಏಟು ಬೀಳುವುದು ಮಕ್ಕಳ ಮೇಲೆಯೇ.

ಅರ್ಧ ಅವರ ಕೈಲಿ

ಪರಿಹಾರಗಳಲ್ಲಿ ಕೆಲವು ಶಿಕ್ಷಕಿಯರ ಕೈಯಲ್ಲೇ ಇವೆ. ಕೋಣೆಯ ಆ ತುದಿಗೆ ಕೂಗುವ ಬದಲು ಮಗುವಿನ ಬಳಿಗೆ ಹೋಗಿ ಮಾತಾಡುವುದು. ಸದ್ದಡಗಿಸಲು ಚಪ್ಪಾಳೆಯ ತಾಳ, ಪುಟ್ಟ ಗಂಟೆ ಅಥವಾ ಕೈಸನ್ನೆಯನ್ನು ರೂಢಿ ಮಾಡುವುದು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಾ ಮಾತಾಡದಿರುವುದು. ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಆಗಾಗ್ಗೆ ಒಂದೊಂದು ಗುಟುಕು ನೀರು. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವುದರಿಂದ ಮಡಿಕೆಗಳಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಮೆಣಸಿನ ಕಷಾಯ ಸಾಲದು, ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ಹೆಚ್ಚಿನ ಗಂಟುಗಳು ಶಸ್ತ್ರಚಿಕಿತ್ಸೆಯಿಲ್ಲದೆ, ದನಿಯನ್ನು ಬಳಸುವ ಕ್ರಮ ಕಲಿಸುವ ಚಿಕಿತ್ಸೆಯಿಂದಲೇ ಇಳಿಯುತ್ತವೆ. ಇದಕ್ಕೆ ನಾವು ದೂರ ಹೋಗಬೇಕಾಗಿಯೂ ಇಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ.

ಕಲಿಸುವ ಕ್ರಮದಲ್ಲೂ ಉಪಾಯವಿದೆ. 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದ ಮರಿಯಾ ಮಾಂಟೆಸ್ಸರಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಪದ್ಧತಿಯಲ್ಲಿ ಶಿಕ್ಷಕಿ ಮಗುವಿನ ಪಕ್ಕ ಕುಳಿತು ಕೆಲವೇ ಮಾತಿನಲ್ಲಿ ತೋರಿಸಿಕೊಡುತ್ತಾಳೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿದ ನಲಿ-ಕಲಿಯಲ್ಲೂ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡು ಹಿಡಿದು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಕೂಲಿಮಠದ ಒಳ್ಳೆಯ ಗುಣವೊಂದು ಏಟಿಲ್ಲದೆ, ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು ಹಿಂದಿರುಗಿದಂತೆ ಇದು. ಗಂಟಲಿಗೆ ಇದರಿಂದ ವಿರಾಮ. ನೆಲಕ್ಕೆ ಕೂತು ಏಳುವ ಮಂಡಿಗೆ ಮಾತ್ರ ಕಷ್ಟ. ಒಂದು ಮೋಟು ಮಣೆ ಇದ್ದರೆ ಅದೂ ತಪ್ಪುತ್ತದೆ.

ಉಳಿದರ್ಧ ಊರಿನ ಕೈಯಲ್ಲಿದೆ, ಸರ್ಕಾರದ ಕೈಯಲ್ಲಿದೆ. ಐದು ನಿಮಿಷ ಮಕ್ಕಳನ್ನು ನೋಡಿಕೊಳ್ಳುವ ಇನ್ನೊಬ್ಬರು, ಚಿಲಕವಿರುವ ಬಾಗಿಲು, ಸದ್ದು ಹೀರುವ ಒಂದಿಷ್ಟು ಬಟ್ಟೆ ಪರದೆ, ಅವಸರವಿಲ್ಲದ ಊಟದ ಅರ್ಧ ಗಂಟೆ. ಇವನ್ನು ಯಾವ ಶಿಕ್ಷಕಿಯೂ ತನ್ನ ಜೀವನಶೈಲಿ ಬದಲಿಸಿ ಸಂಪಾದಿಸಲಾರಳು. ಶಾಲೆಗೆ ಎಸ್‌ಡಿಎಂಸಿ ಇದೆ, ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ಅವುಗಳ ಸಭೆಯಲ್ಲಿ ಮಗುವಿನ ಓದು, ಮೊಟ್ಟೆ, ಹಾಲಿನ ಲೆಕ್ಕ ಕೇಳುವ ಪಾಲಕರು ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಅಕ್ಕೋರಿಗೆ ಶೌಚಾಲಯ ಎಲ್ಲಿದೆ, ಅವರು ಹೋಗಿ ಬರುವಷ್ಟು ಹೊತ್ತು ಮಕ್ಕಳ ಬಳಿ ಇರುವವರು ಯಾರು?